ಗುಡಿ ಕಟ್ಟೋಕೆ ಪಟ್ಟಿ ಎತ್ತಿದ್ದೇವೆ, ಈಗ ಟ್ರಸ್ಟ್ ಮಾಡೋದೋ ಮುಜರಾಯಿಗೆ ಕೊಡೋದೋ?

ಘಟಪ್ರಭಾ ಎಡದಂಡೆ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಮುಧೋಳ ಕಡೆಯ ಹಳ್ಳಿ. ಊರ ಹೆಸರು ಹಾಕುವುದಿಲ್ಲ. ನಮ್ಮೂರವರೂ ಇಲ್ಲಿ ಓದುತ್ತಾರೆ, ಚಾವಡಿ ಜಗಳ ಇಲ್ಲಿಗೂ ಬರುವುದು ಬೇಡ.

ಊರ ನಡುವೆ ದ್ಯಾಮವ್ವನ ಗುಡಿ ಇದೆ. ಇದೆ ಅನ್ನುವುದಕ್ಕಿಂತ ಇತ್ತು ಅನ್ನಬೇಕು. ಮಣ್ಣಿನ ಗೋಡೆ, ಮೇಲ್ಮುದ್ದೆ ಮಾಳಿಗೆ. ಹೋದ ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿದು ತೊಲೆಗಳು ಜಾರಿದವು. ದೇವಿಯ ಕಟ್ಟಿಗೆ ಮೂರ್ತಿಗೆ ಏನೂ ಆಗಲಿಲ್ಲ, ಅದೇ ದೊಡ್ಡದು. ಅವತ್ತು ರಾತ್ರಿಯೇ ಬಡಿಗೇರ ಕಾಕಾರ ಮನೆಗೆ ಒಯ್ದು ಪಡಸಾಲೆಯಲ್ಲಿ ಇಟ್ಟೆವು. ಇನ್ನೂ ಅಲ್ಲೇ ಇದ್ದಾಳೆ.

ಹೊಸ ಗುಡಿಗೆ ಪಟ್ಟಿ ಎತ್ತಿದೆವು. ಕಬ್ಬಿನ ಬಿಲ್ ಬಂದ ಹೊತ್ತು, ಜನ ಕೈ ಬಿಚ್ಚಿ ಕೊಟ್ಟರು. 9 ಲಕ್ಷ 40 ಸಾವಿರ ಆಯಿತು. ಮೂವರು ಹಿರಿಯರ ಹೆಸರಲ್ಲಿ ಜಂಟಿ ಖಾತೆ ತೆಗೆದು ಅಲ್ಲಿ ಇಟ್ಟೆವು. ದಸರಾ ಮುಂದೆ ಆ ಮೂವರಲ್ಲಿ ಒಬ್ಬರು ತೀರಿಕೊಂಡರು. ಈಗ ಬ್ಯಾಂಕಿನವರು ಅವರ ವಾರಸುದಾರರ ಕಾಗದ ತನ್ನಿ ಎನ್ನುತ್ತಾರೆ. ದೇವಿಯ ದುಡ್ಡಿಗೆ ಒಬ್ಬ ಮನುಷ್ಯನ ವಾರಸಾ! ಆ ಮನೆಯವರು ಒಳ್ಳೆಯವರು, ಸಹಿ ಹಾಕುತ್ತಾರೆ. ಆದರೆ ಅವರ ಮೂವರು ಮಕ್ಕಳಲ್ಲಿ ಒಬ್ಬ ಪುಣೆಯಲ್ಲಿದ್ದಾನೆ.

ಹೀಗಾಗಿ ಚಾವಡಿಯಲ್ಲಿ ದೈವದವರು ಕೂಡಿದರು. ಕೆಲವರು ಟ್ರಸ್ಟ್ ರಿಜಿಸ್ಟರ್ ಮಾಡಿಸಿ ಅಂದರು. ಕೆಲವರು ಮಠಕ್ಕೆ ಸೇರಿಸಿಬಿಡಿ, ಮಠದ ಗುಡಿಯನ್ನು ಸರ್ಕಾರ ಮುಟ್ಟಲ್ಲ ಅಂದರು. ನಾನು ಮತ್ತು ಶಾಲೆ ಮಾಸ್ತರರು ಮುಜರಾಯಿಯವರನ್ನೂ ಒಂದು ಮಾತು ಕೇಳೋಣ ಅಂದೆವು. ಅಷ್ಟಕ್ಕೇ ಒಬ್ಬ ಹಿರಿಯರು ಟವೆಲ್ ಝಾಡಿಸಿ ಎದ್ದರು. "ಸರಕಾರ ಒಳಗ ಬಂತಂದ್ರ ಕಾಯಿ ಒಡಿಯಾಕೂ ರಸೀದಿ ಹರೀತಾರ" ಅಂದರು. ಸಭೆ ಮುಗಿಯಿತು.

ಇನ್ನೊಂದು ಇದೆ. ಒಂಬತ್ತು ವರ್ಷಕ್ಕೊಮ್ಮೆ ಆಗುವ ಜಾತ್ರೆ ಈ ಸಲ ಬಂದಿದೆ. ಪ್ರಾಣಿಬಲಿ ಮಾಡಬಾರದು ಅಂತ ತಲಾಟಿ ಈಗಲೇ ಬಾಯಿಮಾತಲ್ಲಿ ಹೇಳಿ ಹೋಗಿದ್ದಾರೆ. ನಮ್ಮ ದೇವರು, ನಮ್ಮ ದುಡ್ಡು, ನಮ್ಮ ಜಾತ್ರೆ. ಸರ್ಕಾರಕ್ಕೆ ಇದರಲ್ಲಿ ಎಲ್ಲಿವರೆಗೆ ಕೈ ಹಾಕುವ ಹಕ್ಕಿದೆ? ತಿಳಿದವರು ಹೇಳಿ.

---

ಕರದಂಟು · ಸೋಮವಾರ ರಾತ್ರಿ 9:58

ದೇವಿ ಬಡಿಗೇರರ ಪಡಸಾಲೆಯಲ್ಲಿ, ದುಡ್ಡು ಬ್ಯಾಂಕಿನಲ್ಲಿ, ವಾರಸುದಾರ ಪುಣೆಯಲ್ಲಿ. ಸರ್ಕಾರ ಇನ್ನೂ ಬಂದೇ ಇಲ್ಲ, ಆಗಲೇ ಇಷ್ಟು ಚೆಂದ ಆಗಿದೆ 😄

---

ಬೆಂಚ್ ಕ್ಲರ್ಕ್ (ನಿವೃತ್ತ) · ಸೋಮವಾರ ರಾತ್ರಿ 10:45

ತಮ್ಮಾ, ಗುಡಿಯನ್ನು ಸರ್ಕಾರಕ್ಕೆ ಕೊಡಬೇಕಾ ಅಂತ ಕೇಳುವ ಮೊದಲು, ಅದು ಈಗ ಯಾವ ದಫ್ತರದಲ್ಲಿದೆ ನೋಡಿ. ಮೂವತ್ತು ವರ್ಷ ಕೋರ್ಟಿನಲ್ಲಿ ಗುಡಿ ದಾವೆಗಳ ಕಟ್ಟು ಕಟ್ಟಿದ ಅನುಭವದಿಂದ ಹೇಳುತ್ತೇನೆ, ಅರ್ಧ ಜಗಳ ಹಳೆ ಕಾಗದ ತೆಗೆದು ನೋಡದೆ ಆದದ್ದು.

ನಮ್ಮ ಭಾಗದ ಕತೆ ಬೇರೆ. ಮೈಸೂರು ಸೀಮೆಯಲ್ಲಿ ಮಹಾರಾಜರ ಕಾಲದಿಂದ ಮುಜರಾಯಿ ಇತ್ತು, 1927ರ ಕಾಯ್ದೆ ಇತ್ತು. ನಾವು 1956ರವರೆಗೆ ಮುಂಬೈ ರಾಜ್ಯದಲ್ಲಿದ್ದವರು. ನಿಮ್ಮ ಮುಧೋಳ ಘೋರ್ಪಡೆ ಸಂಸ್ಥಾನ, 1948ರಲ್ಲಿ ಮುಂಬೈಗೆ ಸೇರಿತು. ಅಲ್ಲಿ ನಡೆಯುತ್ತಿದ್ದದ್ದು 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆ. ಅದು ಗುಡಿ, ಮಸೀದಿ, ಬಸದಿ, ಧರ್ಮಶಾಲೆ ಎಲ್ಲಕ್ಕೂ ಒಂದೇ. ಹೆಸರು ನೋಂದಾಯಿಸಿ, ಆಸ್ತಿ ಬರೆಸಿ, ಲೆಕ್ಕ ತೋರಿಸಿ, ಟ್ರಸ್ಟುಗಳ ಮೇಲ್ವಿಚಾರಣೆ ನೋಡುವ ಸರ್ಕಾರಿ ಅಧಿಕಾರಿ ಚಾರಿಟಿ ಕಮಿಷನರ್‌ಗೆ ಒಂದಿಷ್ಟು ವಂತಿಗೆ ಕಟ್ಟಿ. ಇಷ್ಟೇ ಅದರ ಸಾರ.

ಆ ಕಾಯ್ದೆ ಸುಪ್ರೀಂ ಕೋರ್ಟಿಗೆ ಹೋಯಿತು. ಜೈನ ಮಂದಿರವೊಂದರ ವ್ಯವಸ್ಥಾಪಕರು ಒಯ್ದದ್ದು, ರತಿಲಾಲ್ ಗಾಂಧಿ ಕೇಸು ಅಂತಾರೆ. 1954ರ ತೀರ್ಪು. ನೋಂದಣಿ ಸರಿ, ಲೆಕ್ಕ ತಪಾಸಣೆ ಸರಿ, ವಂತಿಗೆಯೂ ಸರಿ, ಏಕೆಂದರೆ ಅದು ತೆರಿಗೆ ಅಲ್ಲ, ಮಾಡುವ ಕೆಲಸಕ್ಕೆ ಶುಲ್ಕ ಅಂದಿತು ಕೋರ್ಟು. ಆದರೆ ಚಾರಿಟಿ ಕಮಿಷನರೇ ಧಾರ್ಮಿಕ ಟ್ರಸ್ಟಿಗೆ ಟ್ರಸ್ಟಿ ಆಗಿ ಕೂಡುತ್ತೇನೆ ಅಂದರೆ ಆಗುವುದಿಲ್ಲ. ಭಕ್ತರು ಒಂದು ಕೆಲಸಕ್ಕೆ ಕೊಟ್ಟ ದುಡ್ಡನ್ನು ಇನ್ನೊಂದಕ್ಕೆ ಸುಮ್ನೆ ತಿರುಗಿಸುವುದೂ ಆಗುವುದಿಲ್ಲ. ಅದೇ ವರ್ಷ ಉಡುಪಿಯ ಶಿರೂರು ಮಠದ ಕೇಸಿನಲ್ಲೂ ಇದೇ ಜಾಡು. ಪೂಜೆ ಹೇಗೆ, ಯಾವ ಹೊತ್ತಿಗೆ, ಯಾವ ನೈವೇದ್ಯ, ಇದು ಧರ್ಮದವರ ಕೆಲಸ. ಆಸ್ತಿ, ಲೆಕ್ಕ, ಆಡಳಿತ, ಇದರ ಮೇಲೆ ಕಾನೂನು ಮಾಡಬಹುದು.

ಸಂವಿಧಾನದ 25 ಮತ್ತು 26ನೇ ವಿಧಿಗಳನ್ನು ಒಮ್ಮೆ ಓದಿ, ತಲಾ ಅರ್ಧ ಪುಟವೂ ಇಲ್ಲ. ಸ್ವಾತಂತ್ರ್ಯ ಕೊಡುವ ಮೊದಲೇ 25ನೇ ವಿಧಿ ಬೇಲಿ ಹಾಕುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಕ್ಕೆ ಒಳಪಟ್ಟು ಅಂತ.

ಆಮೇಲೆ ರಾಜ್ಯಕ್ಕೆಲ್ಲ ಒಂದೇ ಇರಲಿ ಅಂತ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ ಬಂತು. ಜಾರಿ ಆದದ್ದು 2003ರಲ್ಲಿ. ಮೈಸೂರು, ಮದ್ರಾಸು, ಕೊಡಗು, ಹೈದರಾಬಾದ್, ಮುಂಬೈ, ಐದು ಸೀಮೆಯ ಐದು ಕಾನೂನಿನ ಜಾಗಕ್ಕೆ ಇದೊಂದು. ಮಠಕ್ಕೂ ಮಠಕ್ಕೆ ಸೇರಿದ ಗುಡಿಗೂ ಇದು ಅನ್ವಯ ಇಲ್ಲ. ನಿಮ್ಮ ಊರವರು ಮಠಕ್ಕೆ ಸೇರಿಸಿ ಅಂದದ್ದು ಅದಕ್ಕೇ. ಆದರೆ ನಿನ್ನೆವರೆಗೆ ಊರೆಲ್ಲ ಸೇರಿ ನಡೆಸಿದ ಗುಡಿಯನ್ನು ಇವತ್ತು ಮಠದ್ದು ಅಂದರೆ ನಾಳೆ ಒಬ್ಬ ಎದ್ದು ದಾವೆ ಹೂಡುತ್ತಾನೆ. ಆಗ ನನ್ನಂಥ ಇನ್ನೊಬ್ಬ ಕ್ಲರ್ಕ್ ಕಟ್ಟು ಕಟ್ಟಬೇಕು.

ಮೊದಲು ಮಾಡುವುದು ಇಷ್ಟು. ಗುಡಿ ಜಾಗದ್ದೂ ದೇವಿಯ ಹೊಲ ಇದ್ದರೆ ಅದರದ್ದೂ ಉತಾರ (ಪಹಣಿ) ತೆಗೆಸಿ. ಹಳೆ ಪಬ್ಲಿಕ್ ಟ್ರಸ್ಟ್ ರಿಜಿಸ್ಟರಿನಲ್ಲಿ ಹೆಸರಿದೆಯಾ ವಿಚಾರಿಸಿ. ಡಿಸಿ ಆಫೀಸಿನ ಮುಜರಾಯಿ ಶಾಖೆಯಲ್ಲಿ ಪಟ್ಟಿ ಇರುತ್ತದೆ, ಅದನ್ನೂ ನೋಡಿ.

---

ಜವಾರಿ ಮಂದಿ · ಮಂಗಳವಾರ ಬೆಳಿಗ್ಗೆ 7:15

ಕಾಕಾ, ಎಲ್ಲ ಸರಿ. ಆದರೆ ಮೂಲ ಪ್ರಶ್ನೆಗೆ ಉತ್ತರ ಎಲ್ಲಿ? ಸರ್ಕಾರಕ್ಕೆ ಕಾಣುವುದು ನಮ್ಮ ಗುಡಿ ಮಾತ್ರವಾ? ಹುಂಡಿ ನಮ್ಮದು, ಎಣಿಸುವವರು ಅವರು. 2024ರಲ್ಲಿ ಒಂದು ಕೋಟಿ ಮೇಲೆ ಆದಾಯ ಇದ್ದ ಗುಡಿಯಿಂದ ನೂರಕ್ಕೆ ಹತ್ತು, ಹತ್ತು ಲಕ್ಷದಿಂದ ಒಂದು ಕೋಟಿವರೆಗೆ ನೂರಕ್ಕೆ ಐದು ಅಂತ ತಂದರಲ್ಲ. ಇದು ಜೆಜಿಯಾ ಅಲ್ಲದೆ ಮತ್ತೇನು?

---

ಬೆಂಚ್ ಕ್ಲರ್ಕ್ (ನಿವೃತ್ತ) · ಮಂಗಳವಾರ ಬೆಳಿಗ್ಗೆ 8:05

ಸಿಟ್ಟಿನಲ್ಲಿ ಅರ್ಧ ನಿಜ ಇದೆ, ಅದನ್ನು ಒಪ್ಪುತ್ತೇನೆ. 2006ರಲ್ಲಿ ನಮ್ಮ ಹೈಕೋರ್ಟೇ ಈ ಕಾಯ್ದೆಯನ್ನು ಹೊಡೆದು ಹಾಕಿತ್ತು. ಮಠಗಳನ್ನು ಬಿಟ್ಟು ಗುಡಿಗಳನ್ನು ಮಾತ್ರ ಹಿಡಿಯುವುದು ತಾರತಮ್ಯ ಅಂದಿತ್ತು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದರಿಂದ ಕಾಯ್ದೆ ಉಳಿಯಿತು.

ನೀವು ಹೇಳಿದ 2024ರ ಮಸೂದೆ ವಿಧಾನ ಪರಿಷತ್ತಿನಲ್ಲಿ ಬಿತ್ತು. ವಿಧಾನಸಭೆ ಮತ್ತೆ ಪಾಸು ಮಾಡಿತು. ರಾಜ್ಯಪಾಲರು ಸಹಿ ಹಾಕದೆ ವಾಪಸ್ ಕಳಿಸಿದರು. ಆದರೆ ಸಾಮಾನ್ಯ ಸಂಗ್ರಹಣ ನಿಧಿ ಅನ್ನುವುದು ಆವತ್ತು ಹುಟ್ಟಿದ್ದಲ್ಲ, ಮೊದಲಿಂದ ಇದೆ. ದೊಡ್ಡ ಗುಡಿಯಿಂದ ತೆಗೆದು ಸಣ್ಣ ಗುಡಿಗೆ ಕೊಡುವ ಲೆಕ್ಕ ಅದು. ಮುಜರಾಯಿಯಲ್ಲಿರುವ 34,000ಕ್ಕೂ ಹೆಚ್ಚು ಗುಡಿಗಳಲ್ಲಿ ಎ ಮತ್ತು ಬಿ ದರ್ಜೆಯವು ಎರಡೂ ಸೇರಿ ಕೆಲವು ನೂರು. ಉಳಿದದ್ದೆಲ್ಲ ವರ್ಷಕ್ಕೆ ಐದು ಲಕ್ಷವೂ ಬಾರದ ಸಿ ದರ್ಜೆ. ನಿಮ್ಮೂರ ಹನುಮಪ್ಪ, ನಮ್ಮೂರ ಬಸವಣ್ಣ.

---

ಗುಮ್ಮಟದ ನೆರಳು · ಮಂಗಳವಾರ ಬೆಳಿಗ್ಗೆ 8:50

ಜವಾರಿ ಅಣ್ಣಾ, ವಿಜಯಪುರದಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಒಂದು ಸಣ್ಣ ದರ್ಗಾದ ಮುತವಲ್ಲಿ, ಅಂದರೆ ಅದರ ಆಡಳಿತ ನೋಡುವವರು. ಸರ್ಕಾರ ನಮ್ಮನ್ನು ಬಿಟ್ಟಿದೆ ಅಂತ ಯಾರು ಹೇಳಿದರೋ ಗೊತ್ತಿಲ್ಲ. 1995ರ ವಕ್ಫ್ ಕಾಯ್ದೆ ಪ್ರಕಾರ ನಿವ್ವಳ ಆದಾಯದಲ್ಲಿ ನೂರಕ್ಕೆ ಏಳರವರೆಗೆ ಮಂಡಳಿಗೆ ವಂತಿಗೆ ಕಟ್ಟಬೇಕಿತ್ತು. 2025ರ ತಿದ್ದುಪಡಿಯಲ್ಲಿ ಅದು ಐದಕ್ಕೆ ಇಳಿಯಿತು. ಲೆಕ್ಕ ಕೊಡಬೇಕು, ಆಡಿಟ್ ಆಗಬೇಕು. ಗೋರಿ ಮೇಲೆ ಹೊದಿಸುವ ಗಲೀಫಿನ ಖರ್ಚನ್ನೂ ನಮ್ಮ ಅಬ್ಬಾ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ, ಆಡಿಟರ್ ಕೇಳುತ್ತಾರೆ ಅಂತ. ಉರುಸಿನ ದಿನ ಊದು ಮಾರುವವನು ಗಲ್ಲೆಗೆ ಹಾಕುವ ಐವತ್ತು ರೂಪಾಯಿಯೂ ಅದರಲ್ಲಿದೆ.

2024ರ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಯ ಹೊನವಾಡದ ಗಲಾಟೆ ಎಲ್ಲರಿಗೂ ನೆನಪಿದೆ. ಊರಿನ 1,200 ಎಕರೆ ವಕ್ಫ್ ಅಂತ ಸುದ್ದಿ ಹಬ್ಬಿತು. ರೈತರು ಬೀದಿಗೆ ಬಂದರು. ಆಮೇಲೆ ಸರ್ಕಾರವೇ ಹೇಳಿತು, ಗೆಜೆಟ್‌ನಲ್ಲಿ ತಪ್ಪಾಗಿದೆ, ಅಲ್ಲಿ ವಕ್ಫ್ ಜಾಗ 11 ಎಕರೆ ಮಾತ್ರ ಅಂತ. ನೋಟಿಸ್ ವಾಪಸ್ ತೆಗೆಯಲು ಮುಖ್ಯಮಂತ್ರಿ ಹೇಳಿದರು. ಆ ವಾರ ನಮ್ಮ ಓಣಿಯ ಮುಸಲ್ಮಾನ ರೈತರೂ ಬೆಳಿಗ್ಗೆ ಎದ್ದು ಮೊದಲು ಮಾಡಿದ ಕೆಲಸ ಮೊಬೈಲಿನಲ್ಲಿ ಉತಾರ ತೆಗೆದು 11ನೇ ಕಾಲಂ ನೋಡಿದ್ದು. ಆ ಕಾಲಮ್ಮಿನಲ್ಲಿ ಒಂದು ಸಾಲು ಬಂದರೆ ಬ್ಯಾಂಕಿನವರು ಬೆಳೆಸಾಲ ಕೊಡುವುದಿಲ್ಲ. ದೇವರು ಯಾರದೇ ಆಗಲಿ, ಭಯ ಬರುವುದು ಕಾಲಂ ನೋಡಿ.

---

ಜವಾರಿ ಮಂದಿ · ಮಂಗಳವಾರ ಬೆಳಿಗ್ಗೆ 9:20

ಆ ನೂರಕ್ಕೆ ಏಳು ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೂ ಒಂದು ವ್ಯತ್ಯಾಸ ಇದೆ. ವಕ್ಫ್ ಮಂಡಳಿ ನಿಮ್ಮವರದ್ದು ಅಂತಾದರೂ ಒಂದು ಮಂಡಳಿ. ನಮಗೆ ಕಮಿಷನರ್, ಡಿಸಿ, ತಹಶೀಲ್ದಾರ್. ಇವತ್ತು ಪಡಿತರ ಚೀಟಿ ನೋಡುವ ಸಾಹೇಬರೇ ನಾಳೆ ದೇವರ ಹುಂಡಿ ಎಣಿಸುತ್ತಾರೆ.

---

ಬೆಂಚ್ ಕ್ಲರ್ಕ್ (ನಿವೃತ್ತ) · ಮಂಗಳವಾರ ಬೆಳಿಗ್ಗೆ 9:31

ಇದು ಗಟ್ಟಿ ಮಾತು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

---

ಪೂಜೇರಿ ಮನೆ · ಮಂಗಳವಾರ ಮಧ್ಯಾಹ್ನ 1:10

ಹುಂಡಿ ಹುಂಡಿ ಅಂತೀರಲ್ಲ, ನಮ್ಮ ಗುಡಿಯ ಹುಂಡಿಯಲ್ಲಿ ಏನಿರುತ್ತದೆ ಗೊತ್ತಾ? ಹರಿದ ಹತ್ತರ ನೋಟು, ಒಂದು ರೂಪಾಯಿ ಬಿಲ್ಲೆ, ಪರೀಕ್ಷೆ ಮುಂದೆ ಹುಡುಗರು ಹಾಕಿದ ಹಾಲ್ ಟಿಕೆಟ್ ನಂಬರಿನ ಚೀಟಿ. ನಮ್ಮದು ಅಥಣಿ ಕಡೆ ಒಂದು ಸಿ ದರ್ಜೆಯ ಗುಡಿ. ಅಪ್ಪ ಪೂಜಾರಿ, ಅಜ್ಜನೂ ಅದೇ.

ಇನಾಮು ಹೊಲ ಇತ್ತು. ಇನಾಂ ರದ್ದು, ಉಳುವವನೇ ಒಡೆಯ, ಎಲ್ಲ ಬಂದು ಹೊಲ ಉಳುವವರ ಪಾಲಾಯಿತು. ಅದು ತಪ್ಪು ಅಂತ ನಾನು ಹೇಳಲ್ಲ. ಉತ್ತವರು ಅವರೇ. ಹೊಲದ ಬದಲಿಗೆ ಬರುವುದು ತಸ್ತೀಕ್. ವರ್ಷಕ್ಕೆ 48,000 ಇದ್ದದ್ದು 60,000 ಆಯಿತು, 2025ರ ಬಜೆಟ್‌ನಲ್ಲಿ 72,000 ಅಂದರು. ತಿಂಗಳಿಗೆ 6,000. ಅದರಲ್ಲೇ ಎಣ್ಣೆ, ಬತ್ತಿ, ಹೂ, ಕರ್ಪೂರ, ಪೂಜಾರಿಯ ಸಂಸಾರ. ಅದೂ ಒಮ್ಮೊಮ್ಮೆ ಎರಡು ವರ್ಷದ್ದು ಸೇರಿ ಬರುತ್ತದೆ. ಅಲ್ಲಿವರೆಗೆ ಕಿರಾಣಿ ಅಂಗಡಿಯವರು ದೇವರ ಹೆಸರಲ್ಲೇ ಖಾತೆ ಬರೆಯುತ್ತಾರೆ. ನಿಜ ಹೇಳುತ್ತೇನೆ, ಪುಸ್ತಕದಲ್ಲಿ "ಹನುಮಪ್ಪ, ಗುಡಿ" ಅಂತಲೇ ಇದೆ, ಊರಲ್ಲಿ ಹನುಮಪ್ಪಗಳು ಜಾಸ್ತಿ ಅಂತ.

ಸರ್ಕಾರ ಬಂದು ಗುಡಿ ತಿಂದು ಬಿಡುತ್ತದೆ ಅನ್ನುವವರು ನಮ್ಮಲ್ಲಿಗೆ ಬನ್ನಿ. ಮೂರು ವರ್ಷದಿಂದ ಯಾರೂ ಬಂದಿಲ್ಲ. ಬಂದರೆ ಶಿಖರದ ಬಿರುಕು ತೋರಿಸಬೇಕು ಅಂತ ಅಪ್ಪ ಕಾಯುತ್ತಿದ್ದಾರೆ.

ಇನ್ನೊಂದು. ಉತಾರದಲ್ಲಿ ಪೂಜಾರಿ ಹೆಸರು ಮಾಲೀಕರ ಕಾಲಮ್ಮಿನಲ್ಲಿ ಇರಬಾರದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಮಧ್ಯಪ್ರದೇಶದ ಕೇಸು. ದೇವರೇ ಮಾಲೀಕ, ಪೂಜಾರಿ ಸೇವೆ ಮಾಡುವವನು. ಓದಿ ಬೇಸರ ಆಯಿತು, ಆದರೆ ನ್ಯಾಯ ಅನಿಸಿತು. ಯಾಕಂದರೆ ಪಕ್ಕದ ಊರಲ್ಲಿ ಒಬ್ಬರು ದೇವರ ಹೊಲ ಮಾರಿ ಟ್ರ್ಯಾಕ್ಟರ್ ತಂದಿದ್ದಾರೆ.

---

ಕರದಂಟು · ಮಂಗಳವಾರ ಮಧ್ಯಾಹ್ನ 1:25

ಟ್ರ್ಯಾಕ್ಟರ್ ಮುಂದೆ "ಶ್ರೀ ಹನುಮಾನ್ ಪ್ರಸನ್ನ" ಅಂತ ಬರೆಸಿರಬೇಕು ಅಲ್ವಾ?

---

ಪೂಜೇರಿ ಮನೆ · ಮಂಗಳವಾರ ಮಧ್ಯಾಹ್ನ 1:27

ಬರೆಸಿದ್ದಾರೆ.

---

ಏಳುಕೊಳ್ಳ · ಮಂಗಳವಾರ ರಾತ್ರಿ 8:30

ಸವದತ್ತಿ ತಾಲ್ಲೂಕಿನವಳು ನಾನು. ಇಲ್ಲಿ ಎಲ್ಲರೂ "ಸರ್ಕಾರ ಯಾಕೆ ಬರಬೇಕು" ಅಂತ ಕೇಳುತ್ತಿದ್ದೀರಿ. ಬಾರದೆ ಇದ್ದರೆ ಏನಾಗುತ್ತದೆ ಅನ್ನುವುದು ನಮ್ಮ ಮನೆಯಲ್ಲಿದೆ.

ನಮ್ಮ ದೊಡ್ಡವ್ವಳಿಗೆ ಮುತ್ತು ಕಟ್ಟಿದ್ದರು, ಅಂದರೆ ದೇವದಾಸಿ ಮಾಡಿದ್ದರು. ಆಗ ಅವಳಿಗೆ ಹತ್ತೋ ಹನ್ನೊಂದೋ. ಮನೆಯಲ್ಲಿ ಗಂಡು ಹುಟ್ಟಲಿಲ್ಲ, ಎಮ್ಮೆ ಸತ್ತವು, ತಲೆಯಲ್ಲಿ ಜಡೆ ಗಂಟಾಯಿತು. ಎಲ್ಲಕ್ಕೂ ಎಲ್ಲಮ್ಮನ ಕಾಟ ಅಂದರು. ಗುಡ್ಡಕ್ಕೆ ಕರೆದುಕೊಂಡು ಹೋಗಿ ಹಸಿರು ಸೀರೆ ಉಡಿಸಿ, ಕೆಂಪು ಬಿಳಿ ಮಣಿಯ ಸರ ಕಟ್ಟಿದರು. ಅವಳು ಜಾತ್ರೆ ನೋಡುವ ಖುಷಿಯಲ್ಲಿ ಹೋಗಿದ್ದಳಂತೆ. ಬೆಂಡು ಬತ್ತಾಸು ಕೊಡಿಸಿದ್ದರು ಅನ್ನುವುದನ್ನು ಈಗಲೂ ಹೇಳುತ್ತಾಳೆ.

ಆಗ ಕಾನೂನು ಇರಲಿಲ್ಲವಾ? ಇತ್ತು. ಮುಂಬೈ ಪ್ರಾಂತ್ಯದಲ್ಲಿ 1934ರಲ್ಲೇ ದೇವದಾಸಿ ರಕ್ಷಣಾ ಕಾಯ್ದೆ ಬಂದಿತ್ತು, ನಮ್ಮ ಜಿಲ್ಲೆಗೂ ಅದೇ. ಕಾಗದದ ಮೇಲೆ ದೊಡ್ಡವ್ವ ಹುಟ್ಟುವ ಮೊದಲೇ ನಿಷೇಧ ಆಗಿತ್ತು. ಊರಿಗೆ ಅದು ಗೊತ್ತೇ ಇರಲಿಲ್ಲ. ಆಮೇಲೆ ಕರ್ನಾಟಕದ್ದು 1982ರ ಕಾಯ್ದೆ. ಅದರಲ್ಲಿ ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಜೈಲು, ಹೆತ್ತವರೇ ಕಟ್ಟಿಸಿದರೆ ಐದು ವರ್ಷದವರೆಗೆ ಅಂತ ಇತ್ತು. ಈಗ ಗುಡ್ಡದಲ್ಲಿ ಬೋರ್ಡ್ ಇವೆ, ಹುಣ್ಣಿಮೆಗೆ ಪೊಲೀಸರು ಇರುತ್ತಾರೆ. ಅದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಮಾಜಿ ದೇವದಾಸಿಯರೇ ಸಂಘ ಕಟ್ಟಿ ಮನೆ ಮನೆ ತಿರುಗಿದ್ದು.

ನಾನು ಎಲ್ಲಮ್ಮನನ್ನು ಬಿಟ್ಟಿಲ್ಲ. ಪಡ್ಡಲಗಿ ತುಂಬುತ್ತೇನೆ, ಉಧೋ ಅನ್ನುತ್ತೇನೆ. ದೊಡ್ಡವ್ವಳೂ ಬಿಟ್ಟಿಲ್ಲ, ಮಂಗಳವಾರ ಒಪ್ಪತ್ತು ಮಾಡುತ್ತಾಳೆ. ಕಾನೂನು ಬಂದು ದೇವರನ್ನು ಕಸಿಯಲಿಲ್ಲ. ಮಗಳಿಗೆ ಶಾಲೆ ಅರ್ಜಿಯಲ್ಲಿ ತಂದೆ ಹೆಸರಿನ ಕಾಲಂ ಖಾಲಿ ಬಿಟ್ಟಾಗ ಗುಮಾಸ್ತರು ತಲೆ ಎತ್ತಿ ನೋಡಿದ ಆ ನೋಟ ಇದೆಯಲ್ಲ, ಅದು ನನ್ನ ಅಕ್ಕನಿಗೆ ಆದದ್ದು. "ನಮ್ಮ ದೇವರು ನಮ್ಮ ಪದ್ಧತಿ" ಅನ್ನುವಾಗ ಆ "ನಮ್ಮ"ದಲ್ಲಿ ದೊಡ್ಡವ್ವಳನ್ನು ಯಾರೂ ಕೇಳಿರಲಿಲ್ಲ.

---

ಘಟಪ್ರಭಾ ಎಡದಂಡೆ · ಮಂಗಳವಾರ ರಾತ್ರಿ 9:15

ಅಕ್ಕಾ, ಏನು ಹೇಳಬೇಕೋ ತಿಳಿಯಲಿಲ್ಲ. ಓದಿದೆ. ದೊಡ್ಡವ್ವಳಿಗೆ ನಮಸ್ಕಾರ ಹೇಳಿ.

---

ಹಲಗೆ ಸಪ್ಪಳ · ಮಂಗಳವಾರ ರಾತ್ರಿ 10:20

ಘಟಪ್ರಭಾ ಅಣ್ಣಾರೆ, ಒಂದು ಕೇಳಲಾ? ಪಟ್ಟಿ ಎತ್ತಿದೆವು ಅಂದಿರಿ. ಕೆಳಗಿನ ಓಣಿಯಿಂದಲೂ ಎತ್ತಿದಿರಾ? ಎತ್ತಿದ್ದರೆ ಆ ಓಣಿಯವರು ಚಾವಡಿ ಸಭೆಯಲ್ಲಿ ಎಲ್ಲಿ ಕುಳಿತಿದ್ದರು? ಕಟ್ಟೆ ಮೇಲಾ, ಕೆಳಗಾ? ನಾನು ನಿಮ್ಮೂರವನಲ್ಲ, ಬೀಳಗಿ ಕಡೆಯವನು. ಆದರೆ ಎಲ್ಲ ಊರಿನ ಚಾವಡಿಯೂ ಒಂದೇ ನಕ್ಷೆ.

ಜಾತ್ರೆಗೆ ಹಲಗೆ ಬಾರಿಸಲು ನಾವು ಬೇಕು. ಹೊನ್ನಾಟಕ್ಕೆ ದಾರಿ ಬಿಡಿಸಲು ನಾವು ಬೇಕು. ಟ್ರಸ್ಟ್ ಕಾಗದದಲ್ಲಿ ಐದು ಹೆಸರು ಬರೆಯುವಾಗ ನಮ್ಮ ನೆನಪು ಬರಲ್ಲ. ಮುಂಬೈ ಸರ್ಕಾರ 1947ರಲ್ಲೇ ಹರಿಜನ ದೇವಾಲಯ ಪ್ರವೇಶ ಕಾಯ್ದೆ ಮಾಡಿತ್ತು. ಸಂವಿಧಾನದ 17ನೇ ವಿಧಿ ಇದೆ, 1955ರ ಅಸ್ಪೃಶ್ಯತೆ ಕಾಯ್ದೆ ಇದೆ. 1957ರಲ್ಲಿ ಮೂಲ್ಕಿಯ ವೆಂಕಟರಮಣ ಗುಡಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಒಂದು ಪಂಗಡದ್ದೇ ಗುಡಿ ಆದರೂ ಸಾರ್ವಜನಿಕ ಅಂದಮೇಲೆ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಬೇಕು ಅಂತ. ಪಂಗಡದ ಕೆಲವು ಸೇವೆಗಳನ್ನು ಮಾತ್ರ ಅವರಿಗೇ ಬಿಟ್ಟಿತು.

ಮುಜರಾಯಿ ಬಗ್ಗೆ ನನಗೆ ದೊಡ್ಡ ಪ್ರೀತಿ ಇಲ್ಲ. ಆದರೆ ಅವರ ಕಾಯ್ದೆಯಲ್ಲಿ ವ್ಯವಸ್ಥಾಪನಾ ಸಮಿತಿ ಅಂದರೆ ಒಂಬತ್ತು ಜನ. ಅದರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಒಬ್ಬರಾದರೂ ಇರಬೇಕು, ಹೆಣ್ಣುಮಕ್ಕಳು ಇಬ್ಬರು ಇರಬೇಕು. ಊರ ಟ್ರಸ್ಟಿನಲ್ಲಿ ಅಂಥ ಕಟ್ಟಳೆ ಇಲ್ಲ. ಸರ್ಕಾರ ಬರಬಾರದು ಅನ್ನುವವರು ನಿಜಕ್ಕೂ ಯಾರು ಬರಬಾರದು ಅನ್ನುತ್ತಿದ್ದಾರೆ ಅಂತ ನನಗೆ ಒಮ್ಮೊಮ್ಮೆ ಅನುಮಾನ.

---

ಘಟಪ್ರಭಾ ಎಡದಂಡೆ · ಮಂಗಳವಾರ ರಾತ್ರಿ 10:52

ಸುಳ್ಳು ಹೇಳುವುದಿಲ್ಲ. ಪಟ್ಟಿ ಎತ್ತಿದ್ದೇವೆ. 61,000 ಬಂದಿದೆ ಆ ಓಣಿಯಿಂದ, ನನ್ನ ಕೈಯಿಂದಲೇ ರಸೀದಿ ಬರೆದೆ. ಸಭೆಗೆ ಇಬ್ಬರು ಬಂದಿದ್ದರು, ಬೇವಿನ ಗಿಡದ ಹತ್ತಿರ ನಿಂತಿದ್ದರು. ಕೂಡಿ ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

---

ಬಾದಾಮಿ ಬಂಡೆ · ಬುಧವಾರ ಬೆಳಿಗ್ಗೆ 6:50

ಸುಮ್ನೆ ಒಂದು ಅಡ್ಡಮಾತು. ನಮ್ಮಲ್ಲಿ ಮುಜರಾಯಿಗಿಂತ ದೊಡ್ಡವರು ಪುರಾತತ್ವ ಇಲಾಖೆ. ಪಟ್ಟದಕಲ್ಲಿನ ವಿರೂಪಾಕ್ಷನಿಗೆ ಇವತ್ತಿಗೂ ಪೂಜೆ ಇದೆ. ಐಹೊಳೆಯ ದುರ್ಗ ಗುಡಿಯಲ್ಲಿ ಊದಿನಕಡ್ಡಿ ಹಚ್ಚಿದರೆ ಕಾವಲುಗಾರ ಸೀಟಿ ಊದುತ್ತಾನೆ. ರಕ್ಷಿತ ಸ್ಮಾರಕ ಅಂತ ಘೋಷಿಸುವಾಗ ಪೂಜೆ ನಡೆಯುತ್ತಿದ್ದರೆ ಮುಂದುವರಿಯುತ್ತದೆ, ನಿಂತಿದ್ದರೆ ಹೊಸದಾಗಿ ಶುರು ಮಾಡುವಂತಿಲ್ಲ. 100 ಮೀಟರ್ ಒಳಗೆ ಹೊಸ ಮನೆಯೂ ಕಟ್ಟುವಂತಿಲ್ಲ. ನಮ್ಮ ಮಾವನ ಬಚ್ಚಲುಮನೆ ಚಾಲುಕ್ಯರಿಂದಾಗಿ ಅರ್ಧಕ್ಕೆ ನಿಂತಿದೆ.

---

ಜೋಳದ ತೆನೆ · ಬುಧವಾರ ಬೆಳಿಗ್ಗೆ 10:05

ಜಾತ್ರೆಯ ಕೋಣ ಬಲಿಯ ವಿಷಯಕ್ಕೆ ಯಾರೂ ಬರಲಿಲ್ಲ. ನಾನು ಹೇಳುತ್ತೇನೆ, ನಮ್ಮೂರಲ್ಲಿ ನಾಲ್ಕು ವರ್ಷದ ಹಿಂದೆ ಆದದ್ದು.

ಕಾನೂನು ಹಳೆಯದು, 1959ರ ಪ್ರಾಣಿಬಲಿ ತಡೆ ಕಾಯ್ದೆ. ಗುಡಿ, ಗುಡಿಯ ಆವರಣ, ದೇವರ ಮೆರವಣಿಗೆ ಹೋಗುವ ಸಾರ್ವಜನಿಕ ಬೀದಿ, ಇಲ್ಲಿ ಬಲಿ ಕೊಡುವಂತಿಲ್ಲ. ಮನೆಯಲ್ಲಿ ಬೀಗರಿಗೆ ಕುರಿ ಕೊಯ್ದು ಊಟ ಹಾಕಿದರೆ ಅದು ಆ ಕಾಯ್ದೆಗೆ ಬರಲ್ಲ.

ಜಾತ್ರೆಗೆ ಮೂರು ದಿನ ಮೊದಲು ಫೌಜದಾರರು ಬಂದು ದೇವರ ಕೋಣವನ್ನು ಹಿಡಿದು ಪಂಚಾಯಿತಿ ಕಾಂಪೌಂಡಿನಲ್ಲಿ ಕಟ್ಟಿಸಿದರು. ಇಬ್ಬರು ಪೇದೆಗಳ ಕಾವಲು. ಊರ ಹೆಂಗಸರು ದೇವಿ ಕೋಣ ಉಪವಾಸ ಇರಬಾರದು ಅಂತ ಬುಟ್ಟಿಗಟ್ಟಲೆ ಕಣಕಿ, ಹಿಂಡಿ, ಹೋಳಿಗೆ ಒಯ್ದರು. ಅರಿಷಿಣ ಕುಂಕುಮ ಹಚ್ಚಿ ಆರತಿ ಎತ್ತಿದರು. ಪೇದೆಗಳಿಗೂ ಹೋಳಿಗೆ ಸಿಕ್ಕಿತು. ಮೂರು ದಿನದಲ್ಲಿ ಕೋಣ ಎಷ್ಟು ಹಿಗ್ಗಿತ್ತು ಅಂದರೆ ಬಿಡಿಸಲು ಹೋದಾಗ ಕದಲಲೇ ಇಲ್ಲ. ದೇವಿಗೆ ಕುಂಬಳಕಾಯಿ ಒಡೆದರು. ಮುದುಕರು ಎರಡು ವರ್ಷ ಮಳೆ ಬರಲ್ಲ ಅಂದರು. ಆ ವರ್ಷ ಹಳ್ಳ ತುಂಬಿ ಸೇತುವೆ ಮುಳುಗಿತು. ಈಗ ಅದೇ ಮುದುಕರು ಕೋಣ ಬಿಟ್ಟಿದ್ದಕ್ಕೇ ಮಳೆ ಹೆಚ್ಚಾಯಿತು ಅನ್ನುತ್ತಾರೆ.

ನಿಮಗೆ ಸಲಹೆ: ತಲಾಟಿ ಬಾಯಿಮಾತಲ್ಲಿ ಹೇಳಿದ್ದು ಅಂದಿರಲ್ಲ, ಅಷ್ಟಕ್ಕೇ ಊರಲ್ಲಿ ಕೂಡಿ ಮಾತಾಡಿ ಮುಗಿಸಿ. ಲಿಖಿತ ನೋಟಿಸ್ ಬಂದು ಪೊಲೀಸ್ ವ್ಯಾನ್ ನಿಂತ ಜಾತ್ರೆಗೆ ಬೀಗರೂ ಬರಲ್ಲ.

---

ಖಾನಾಪುರ ಕಾಡು · ಬುಧವಾರ ಮಧ್ಯಾಹ್ನ 12:40

ಇಷ್ಟೆಲ್ಲ ಧರ್ಮ ಮತ್ತು ಕಾನೂನು ಮಾತಾಡಿ ನಮ್ಮ ಬೆಳಗಾವಿಯ ಸುವರ್ಣ ಸೌಧದಲ್ಲೇ ಪಾಸಾದ ಮತಾಂತರ ಕಾಯ್ದೆ ಬಿಟ್ಟಿರಲ್ಲ. ಅದರ ಕತೆ ಏನು?

---

ಬೆಂಚ್ ಕ್ಲರ್ಕ್ (ನಿವೃತ್ತ) · ಬುಧವಾರ ಮಧ್ಯಾಹ್ನ 3:00

2021ರ ಡಿಸೆಂಬರ್ ಅಧಿವೇಶನದಲ್ಲಿ ವಿಧಾನಸಭೆ ಪಾಸು ಮಾಡಿತು. ಪರಿಷತ್ತಿಗೆ ಆಗ ಹೋಗಲಿಲ್ಲ. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಕಾಯ್ದೆ. ಧರ್ಮ ಬದಲಿಸುವವರು 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಅದು ನೋಟಿಸ್ ಬೋರ್ಡಿಗೆ ಬರುತ್ತದೆ, ಆಕ್ಷೇಪ ಕರೆಯುತ್ತಾರೆ. ಬಲವಂತ, ಆಮಿಷ, ವಂಚನೆಗೆ ಮೂರರಿಂದ ಐದು ವರ್ಷ ಜೈಲು, ಹೆಣ್ಣುಮಕ್ಕಳು, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಿ ಹತ್ತು ವರ್ಷದವರೆಗೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಮಂತ್ರಿಮಂಡಲ ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು.

ಕೇಸಿನ ಮಾತಾದರೆ 1977ರ ಸ್ಟೇನಿಸ್ಲಾಸ್ ತೀರ್ಪು ನೋಡಿ. ಧರ್ಮ ಪ್ರಚಾರದ ಹಕ್ಕು ಇದೆ, ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಇಲ್ಲ ಅಂದಿತು ಕೋರ್ಟು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಬಲವಂತ ಮಾಡಿದವನನ್ನು ಹಿಡಿಯುವುದು ಸರಿ. ಆದರೆ ತಾನೇ ಮನಸ್ಸು ಬದಲಿಸಿದವನ ಹೆಸರು ಕಚೇರಿ ಗೋಡೆಗೆ ಅಂಟಿಸಿ, ಯಾರಿಗಾದರೂ ತಕರಾರು ಇದೆಯಾ ಅಂತ ಊರನ್ನು ಕೇಳುವುದು ನನಗೆ ಹಿಡಿಸಲಿಲ್ಲ. ನನ್ನ ಮಗ ಇದನ್ನು ಒಪ್ಪುವುದಿಲ್ಲ, ಊಟಕ್ಕೆ ಕೂತಾಗ ದಿನಾ ಜಗಳ. ಇಲ್ಲಿ ಬೇಡ, ಬೇರೆ ಎಳೆ ತೆಗೆಯಿರಿ.

---

ಘಟಪ್ರಭಾ ಎಡದಂಡೆ · ಭಾನುವಾರ ರಾತ್ರಿ 9:10

ತಡವಾಯಿತು, ಕ್ಷಮಿಸಿ. ಒಂದು ಸುದ್ದಿ ಇದೆ.

ಬೆಂಚ್ ಕ್ಲರ್ಕ್ ಕಾಕಾ ಹೇಳಿದ ಹಾಗೆ ಉತಾರ ತೆಗೆಸಿದೆ. ದೇವಿ ಹೆಸರಲ್ಲಿ 2 ಎಕರೆ 10 ಗುಂಟೆ ಹೊಲ ಇದೆ. ಮಾಲೀಕರ ಕಾಲಮ್ಮಿನಲ್ಲಿ "ದ್ಯಾಮವ್ವ ದೇವರು", ಮುಂದೆ "ವಹಿವಾಟದಾರ" (ಆಡಳಿತ ನೋಡುವವರು) ಅಂತ ಬರೆದು ಜಾಗ ಖಾಲಿ. ವಹಿವಾಟದಾರ ಯಾರು ಅಂತ ಕೇಳಿದರೆ ಊರಲ್ಲಿ ಯಾರಿಗೂ ಗೊತ್ತಿಲ್ಲ.

ತೀರಿಕೊಂಡ ಆ ಹಿರಿಯರ ಮನೆಗೆ ನಿನ್ನೆ ಸಹಿಗೆ ಹೋಗಿದ್ದೆ. ಅವರ ಹೆಂಡತಿ, ನಾವು ಆಯಿ ಅನ್ನುತ್ತೇವೆ, ಒಳಗಿಂದ ಒಂದು ಕಬ್ಬಿಣದ ಟ್ರಂಕು ತರಿಸಿದರು. ಅದರಲ್ಲಿ ಕುಂಕುಮ ಬಿದ್ದು ಕೆಂಪಾದ ಖಾದಿ ಬಟ್ಟೆ. ಬಟ್ಟೆಯೊಳಗೆ ಮರಾಠಿಯಲ್ಲಿ ಅಚ್ಚಾದ, ಕನ್ನಡದಲ್ಲಿ ಮಸಿಯಿಂದ ತುಂಬಿದ ಒಂದು ಕಾಗದ. ಪಬ್ಲಿಕ್ ಟ್ರಸ್ಟ್ ರಿಜಿಸ್ಟರಿನ ಉತಾರ! 1953ನೇ ಇಸವಿ. ಟ್ರಸ್ಟಿನ ಹೆಸರು, ಹೊಲದ ಸರ್ವೆ ನಂಬರು, "ಬೆಳ್ಳಿ ಕಣ್ಣು ಜೋಡಿ 1, ಹಿತ್ತಾಳೆ ಗಂಟೆ 2, ಸಮೆ 4" ಅಂತ ಎಲ್ಲ ಬರೆದಿದೆ. ಗಂಟೆ ಎರಡರಲ್ಲಿ ಒಂದು ಈಗ ಇಲ್ಲ, ಅದು ಬೇರೆ ಮಾತು. ಕೆಳಗೆ ಐವರು ಟ್ರಸ್ಟಿಗಳ ಹೆಸರು. ಮೂವರದ್ದು ಸಹಿ, ಇಬ್ಬರದ್ದು ಹೆಬ್ಬೆಟ್ಟು. ಹೆಬ್ಬೆಟ್ಟಿನವರಲ್ಲಿ ಒಬ್ಬರು ಕೆಳಗಿನ ಓಣಿಯವರು.

ಮೂರು ತಿಂಗಳಿಂದ ಸರ್ಕಾರ ಬರಬೇಕಾ ಬೇಡವಾ ಅಂತ ಕಚ್ಚಾಡಿದೆವು. ನಮ್ಮ ಅಜ್ಜಂದಿರೇ ಗಾಡಿ ಕಟ್ಟಿಕೊಂಡು ಹೋಗಿ ಬರೆಸಿ ಬಂದಿದ್ದಾರೆ.

---

ಬೆಂಚ್ ಕ್ಲರ್ಕ್ (ನಿವೃತ್ತ) · ಭಾನುವಾರ ರಾತ್ರಿ 9:32

ನೋಡಿದಿರಾ! ಆ ಕಾಗದವನ್ನು ಮೊದಲು ಫೋಟೋ ತೆಗೆದಿಡಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಮಸಿ ಹಾಳಾಗುತ್ತದೆ. ಹಳೆಯ ಕಾಯ್ದೆ ಹಿಂದೂ ಗುಡಿಗಳ ಮಟ್ಟಿಗೆ ಈಗ ಇಲ್ಲದೆ ಇರಬಹುದು, ಕಾಗದದ ಬೆಲೆ ಹೋಗುವುದಿಲ್ಲ. ಗುಡಿ ಒಬ್ಬರ ಮನೆಯದ್ದಲ್ಲ, ಊರದ್ದು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಇನ್ನು ಮಠಕ್ಕೆ ಸೇರಿಸುವ ಮಾತು ಬಿಡಿ. ಒಳ್ಳೆಯ ವಕೀಲರನ್ನು ಕಂಡು, ಹೊಸ ಟ್ರಸ್ಟಿಗಳ ಹೆಸರು ದಾಖಲಿಸುವ ದಾರಿ ಕೇಳಿ. ಆ ಹೆಸರಲ್ಲಿ ಪ್ಯಾನ್ ಮಾಡಿಸಿ, ಖಾತೆ ತೆಗೆಯಿರಿ.

---

ಹಲಗೆ ಸಪ್ಪಳ · ಭಾನುವಾರ ರಾತ್ರಿ 9:50

ಆ ಹೆಬ್ಬೆಟ್ಟಿನ ಫೋಟೋ ಅವರ ಮೊಮ್ಮಕ್ಕಳಿಗೆ ತೋರಿಸಿದಿರಾ?

---

ಘಟಪ್ರಭಾ ಎಡದಂಡೆ · ಭಾನುವಾರ ರಾತ್ರಿ 10:15

ತೋರಿಸಿದೆ. ಮೊಮ್ಮಗ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ತುಂಬ ಹೊತ್ತು ಮೊಬೈಲ್ ದೊಡ್ಡದು ಮಾಡಿ ನೋಡಿದ. "ನಮ್ಮ ಮುತ್ಯಾನ ಫೋಟೋನೇ ಇಲ್ಲರೀ ನಮ್ಮನ್ಯಾಗ" ಅಂದ. ಮುಂದಿನ ಸಭೆಗೆ ಕರೆದಿದ್ದೇನೆ. ಈ ಸಲ ಚಾವಡಿ ಬೇಡ, ಶಾಲೆ ಕೋಣೆಯಲ್ಲಿ ಮಾಡೋಣ ಅಂತ ಮಾಸ್ತರರು ಹೇಳಿದ್ದಾರೆ. ಅಲ್ಲಿ ಬೆಂಚು ಎಲ್ಲ ಒಂದೇ ಎತ್ತರ.

ಟವೆಲ್ ಝಾಡಿಸಿದ ಹಿರಿಯರು ಇನ್ನೂ ಒಪ್ಪಿಲ್ಲ. ಕಾಗದ ಖರೇನೋ ಖೊಟ್ಟಿಯೋ ಯಾರಿಗೆ ಗೊತ್ತು ಅನ್ನುತ್ತಿದ್ದಾರೆ. ಐವರಲ್ಲಿ ಮೊದಲನೇ ಸಹಿ ಅವರ ಅಪ್ಪನದ್ದೇ.

ಬಡಿಗೇರ ಕಾಕಾ ಮಾತ್ರ ಒಂದೇ ಮಾತು ಕೇಳಿದರು. ಮಗಳ ಸೀಮಂತಕ್ಕೆ ಜಮಖಂಡಿಗೆ ಹೋಗಿ ಎರಡು ದಿನ ಇರಬೇಕಂತೆ. ಪಡಸಾಲೆಯಲ್ಲಿ ದೀಪ ಹಚ್ಚುವವರು ಯಾರು ಅಂತ. ಸದ್ಯಕ್ಕೆ ಕೀಲಿ ನನ್ನ ಹತ್ತಿರ ಕೊಟ್ಟು ಹೋಗಿದ್ದಾರೆ.